ಹ್ಯಾಡ್ಲೋ ಫಾಲ್ಸ್‌ಗೆ ಹೋದ ಉಡಿ

ಹೇಸ್, ಲಂಡನ್
೫ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಇಂದು ಮೌಶಿಗೆ,

ದಸರೆ ಮುಗಿದ ಮೇಲೆ ಬನ್ನಿ ಕೊಡುತ್ತಿದ್ದೇನೆ, ಬೈಯಬೇಡ. ಕಾಗದದೊಳಗಿನ ಎಲೆ ನಿಜವಾದ ಬನ್ನಿಯದಲ್ಲ, ಕಿಂಗ್ಸ್‌ಬರಿಯಲ್ಲಿ ಅಮ್ಮನ ಮನೆ ಮುಂದಿನ ಬೇಲಿಯದು. ಅಜ್ಜಿ ಪ್ರತಿ ವರ್ಷ ಅದನ್ನೇ ಕಿತ್ತು, "ಈ ಊರಾಗ ಇದ ಬನ್ನಿ" ಎಂದು ಎಲ್ಲರ ಕೈಗೆ ಇಡುತ್ತಾಳೆ. ನಿನ್ನ ಪಾಲಿನದು ಇದು. ಬಂಗಾರದ ಹಾಗಿರೋಣ.

ಕಾಗದ ಇಷ್ಟು ತಡವಾದದ್ದಕ್ಕೆ ಕಾರಣ ನಾನು ಮನೆ ಬಿಟ್ಟದ್ದು. ಜಗಳವಾಡಿಯೇ ಬಿಟ್ಟೆ. ಕಾನೂನು ಓದುವುದನ್ನು ನಿಲ್ಲಿಸಿದೆ ಎಂದಾಗ ಅಪ್ಪ, "ಬಾಡಿಗಿದಾರರ ಪರವಾಗಿ ವಾದ ಮಾಡಬೇಕಂದ್ರ ಮೊದಲು ವಕೀಲಕಿ ಆಗು. ಸ್ಟೇಷನ್ ಮುಂದ ನಿಂತು ಚೀಟಿ ಹಂಚಿದ್ರ ಏನಾಗ್ತದ?" ಎಂದ. ಅವರ ಗೋಡೆಗಳ ಬೂಸ್ಟು ನಾನು ವಕೀಲಳಾಗುವವರೆಗೆ ಕಾಯುವುದಿಲ್ಲ ಎಂದೆ. ಈಗ ಹೇಸ್‌ನಲ್ಲಿ ಒಂದು ಕೋಣೆ. ಪಕ್ಕದ ಕೋಣೆಯ ಅಶ್ಲಿನ್ ಮೂಡಬಿದಿರೆಯವಳು, ವಿಮಾನ ನಿಲ್ದಾಣದ ಗೋದಾಮಿನಲ್ಲಿ ಕೆಲಸ. ಅಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ, ಆದರೆ ಅಮ್ಮನ ಕೈಯಲ್ಲಿ ಶೇಂಗಾ ಚಟ್ನಿಪುಡಿ ಕಳಿಸುತ್ತಾನೆ. ಡಬ್ಬಿ ಖಾಲಿಯಾಗುವ ಮೊದಲೇ ಇನ್ನೊಂದು ಬರುತ್ತದೆ.

ಇದಕ್ಕೆಲ್ಲ ನೀನೇ ಕಾರಣ, ಮೌಶಿ. ನನ್ನ ಹುಟ್ಟುಹಬ್ಬಕ್ಕೆ ಹ್ಯಾಡ್ಲೋ ಫಾಲ್ಸ್‌ನಿಂದ ನೀನು ಕಳಿಸುತ್ತಿದ್ದ ಪೆಟ್ಟಿಗೆಯಲ್ಲಿ ಸ್ವೆಟರಿಗಿಂತ ಅದರ ಸುತ್ತ ತುರುಕಿದ ಕರಪತ್ರಗಳೇ ಹೆಚ್ಚಿರುತ್ತಿದ್ದವು. ಶಾಲೆಯ ಊಟ, ಬಸ್ಸಿನ ದರ, ಕುಡಿಯುವ ನೀರಿನ ಸೀಸದ ಕೊಳವೆ. ಸ್ವೆಟರುಗಳು ಗಿಡ್ಡವಾದವು, ಕರಪತ್ರಗಳು ಇನ್ನೂ ಸರಿಹೋಗುತ್ತವೆ. ನಾನು ದಪ್ಪ ಪುಸ್ತಕ ಓದಿದವಳಲ್ಲ. ನನ್ನ ಓದೆಲ್ಲ ಅವೇ, ಮತ್ತು ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಲೇ ಅವನ್ನು ಬರೆದವಳು ಇವತ್ತು ಅದೇ ಊರಿನ ಮೇಯರ್ ಸ್ಥಾನಕ್ಕೆ ನಿಂತಿದ್ದಾಳೆ ಎಂದರೆ, ಕಾಗದದ ಚೂರಿಗೆ ಶಕ್ತಿ ಇಲ್ಲ ಎನ್ನುವವರ ಬಾಯಿ ಮುಚ್ಚಬೇಕು.

ನಿನ್ನ ಪ್ರಚಾರಕ್ಕೆ ನಾನು ಇಲ್ಲಿಂದಲೇ ಫೋನ್ ಮಾಡುತ್ತಿರುವುದು ನಿನಗೆ ಗೊತ್ತು. ಮೊದಲ ದಿನವೇ ನಿನ್ನ ಕಡೆಯವರು ಕಲಿಸಿದರು: ಹೊರದೇಶದವರು ಸಂಬಳವಿಲ್ಲದೆ ದುಡಿಯಬಹುದು, ಆದರೆ ಒಂದು ಡಾಲರ್ ಕೂಡ ಕೊಡುವಂತಿಲ್ಲ. ಬಹಳ ಸರಿಯಾದ ಕಾನೂನು. ಮೊನ್ನೆ ಒಬ್ಬ ಮುದುಕ ನನ್ನ ಮಾತು ಕೇಳಿ, ಎಲ್ಲಿಂದ ಮಾತಾಡುತ್ತಿದ್ದೀ ಎಂದ. ಲಂಡನ್ ಎಂದೆ. ನನ್ನ ಮನೆ ನಲ್ಲಿಯ ಚಿಂತೆ ನಿನಗ್ಯಾಕೆ ಎಂದ. ನನ್ನ ಮೌಶಿ ಅದೇ ನೀರು ಕುಡಿಯುತ್ತಾಳೆ ಎಂದೆ. ಹಾಗಾದರೆ ವೋಟು ಹಾಕುತ್ತೇನೆ ಎಂದ. ಒಂದು ವೋಟು ನನ್ನದು, ಲೆಕ್ಕದಲ್ಲಿಟ್ಟುಕೋ.

ಅಜ್ಜಿಯ ಪ್ರಶ್ನೆಗಳು ಮುಗಿಯುವುದಿಲ್ಲ. "ನಮ್ಮ ಹುಬ್ಬಳ್ಳಿ-ಧಾರವಾಡ ಮೇಯರ್ ಹಂಗ ಇಂದೂನೂ ಗೌನ್ ಹಾಕ್ಕೋತಾಳೇನ?" ಎಂದಳು. ಇಲ್ಲ ಎಂದೆ. "ಮತ್ತ ಮೇಯರ್ ಅಂತ ಹ್ಯಾಂಗ ಗೊತ್ತಾಗ್ತದ ಮಂದೀಗೆ?" ನಾಲ್ಕು ವರ್ಷದ ಅಧಿಕಾರ ಎಂದಾಗ ಮಾತ್ರ ಅವಳಿಗೆ ಗೌರವ ಬಂತು. "ನಮ್ಮಲ್ಲೆ ಒಂದ ವರ್ಷ. ಕುರ್ಚಿ ಬಿಸಿ ಆಗೂದ್ರಾಗ ಇಳಸ್ತಾರ."

ಈಗ ನಿಜವಾದ ವಿಷಯ. ಫೋನಿನಲ್ಲಿ ನೀನು "ಆರಾಮ ಇದ್ದೀಯಾ" ಎನ್ನುತ್ತೀ, ಅಜ್ಜಿ "ಆರಾಮ" ಎನ್ನುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಇದನ್ನು ನಾನೇ ಬರೆಯಬೇಕು.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿಗೆ ಇಲ್ಲಿಯ ಮೈಸೂರಿನವರೊಬ್ಬರ ಮನೆಗೆ ನಾನು ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಅಜ್ಜ ತೀರಿಕೊಂಡ ಮೇಲೆ ಅವಳು ಹೋದ ಮೊದಲ ಅರಿಷಿಣ ಕುಂಕುಮ ಅದು. ಸೊಸೆ ಹುಡುಗಿ ತಟ್ಟೆ ಹಿಡಿದು ಸಾಲಾಗಿ ಬಂದಳು. ಅಜ್ಜಿ ಅಭ್ಯಾಸದಂತೆ ಕೈ ಮುಂದೆ ಮಾಡಿದಳು. ಅಷ್ಟರಲ್ಲಿ ಆ ಮನೆಯ ಹಿರಿಯರೊಬ್ಬರು ಸೊಸೆಯ ಮೊಣಕೈ ಮುಟ್ಟಿದರು, ತಟ್ಟೆ ಅಜ್ಜಿಯನ್ನು ದಾಟಿ ನನ್ನ ಹತ್ತಿರ ಬಂತು. ಅಜ್ಜಿ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಳು. ಆಮೇಲೆ ಕೇಳಿದಳು: "ತನ್ಮಯಿ, ನಮ್ಮ ಮನಿ ಹುಡುಗ ಶಮಂತನ ಮದುವ್ಯಾಗ ನೀ ಇಂದೂನ ಬಾಜೂಕ ಕೂತಿದ್ದಿ. ಅಕಿನೂ ಹಿಂಗ ಕೈ ಮುಂದ ಮಾಡಿದ್ಲೇನ?"

ನನಗೆ ಆಗ ಹತ್ತು ವರ್ಷ, ಐದನೆಯ ಇಯತ್ತೆ. ಅನಿರುದ್ಧ ಕಾಕಾ ತೀರಿಕೊಂಡು, ನೀನು ಒಬ್ಬಳಾಗಿ ಒಂದು ವರ್ಷವೂ ಆಗಿರಲಿಲ್ಲ. ತಟ್ಟೆ ಹಿಡಿದು ನಿನ್ನನ್ನು ದಾಟಿ ಹೋದವಳು ಅಜ್ಜಿ, ನಿನ್ನ ಸ್ವಂತ ತಾಯಿ. ಮರೆಯುವಂಥದ್ದೇ?

"ಮಾಡಿದ್ಲು ಅಜ್ಜಿ" ಎಂದೆ.



ಮೊನ್ನೆ ದಸರೆಯ ದಿನ ಟ್ರಂಕು ತೆಗೆಸಿದಳು. "ಇಂದೂಗ ಉಡಿ ತುಂಬಿ ಕಳಸೂಣು. ಚುನಾವಣೆ ಅಂದ್ರ ಯುದ್ಧ. ಹೆಣ್ಣಮಗಳನ್ನ ಬರಿ ಉಡೀಲೆ ಯುದ್ಧಕ್ಕ ಕಳಸ್ತಾರೇನ?" ಅಮ್ಮ ಬೆರಗಾಗಿ ನಿಂತಳು. ಬಾಯಿ ತೆರೆದವಳು ನಾನೇ. ಮುತ್ತೈದೆಯರಿಗೆಂದೇ ಮಾಡಿದ ಆಚಾರವನ್ನು ಎಲ್ಲರಿಗೂ ಹಂಚುವುದಕ್ಕಿಂತ ಅದನ್ನೇ ನಿಲ್ಲಿಸುವುದು ಸರಿ ಎಂದು ಭಾಷಣ ಮಾಡಿದೆ. ಅಜ್ಜಿ ಪೂರ್ತಿ ಕೇಳಿದಳು. "ಮುಗೀತಾ? ಇನ್ನ ಸೆರಗ ಒಡ್ಡಿ ಕೂಡು. ಇಂದೂ ಇಲ್ಲಿಲ್ಲ, ಅಕಿ ಬದಲಿ ನೀನು."

ಜೀನ್ಸಿನ ಮೇಲೆ ಅಮ್ಮನ ದುಪಟ್ಟಾ ಹರಡಿ ಕೂತೆ, ಮೌಶಿ. ಅಕ್ಕಿ, ಗಿಟಕ ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು, ಹಸಿರು ಬಳೆ, ಒಂದು ಗುಳೇದಗುಡ್ಡದ ಕುಪ್ಪಸದ ಖಣ. ತುಂಬುವವಳೂ ವಿಧವೆ, ತುಂಬಿಸಿಕೊಳ್ಳುವವಳೂ ವಿಧವೆ, ನಡುವೆ ನಾನು. ಕೊನೆಗೆ ತನ್ನ ಬಂಗಾರದ ಪಾಟ್ಲಿ ಬಳೆ ಇಟ್ಟಳು. ಜೋಡಿಯಲ್ಲಿ ಒಂದನ್ನು ಅಮ್ಮನಿಗೆ ಯಾವಾಗಲೋ ಕೊಟ್ಟಿದ್ದಳಲ್ಲ, ಉಳಿದದ್ದು. ಯಾಕೋ ನನ್ನ ಕಣ್ಣು ಮಂಜಾಯಿತು, ಕಾರಣ ಯಾವ ಕರಪತ್ರದಲ್ಲೂ ಇಲ್ಲ.

ಖಣವನ್ನು ಅವಳು ತ್ರಿಕೋನವಾಗಿ ಮಡಚಿ ತುದಿಯನ್ನು ಒಳಗೆ ಸಿಕ್ಕಿಸುವ ರೀತಿ ನೆನಪಿದೆಯೇ? ನಾನೂ ಅಮ್ಮನೂ ಮಾಡಲು ಹೋಗಿ ಸೋತೆವು. "ಇದು ನನಗ ಮತ್ತ ಇಂದೂಗ ಅಷ್ಟ ಬರ್ತದ" ಎಂದು ಜಂಬದಿಂದ ಹೇಳಿದಳು. "ಖರೆ ಅಕಿ ಎಡಚಿ. ಅಕಿ ಮಡಚಿದ್ರ ತುದಿ ಎಡಕ್ಕ ಬರ್ತದ. ಎಷ್ಟ ಬೈದ್ರೂ ತಿದ್ದಲಿಲ್ಲ."

ಅಮ್ಮನ ಆಸ್ಪತ್ರೆಯ ಡಾಕ್ಟರ್ ವಸಿಷ್ಠ ಅಂಕಲ್ ಮುಂದಿನ ವಾರ ನಿಮ್ಮ ಕಡೆ ಯಾವುದೋ ಸಮ್ಮೇಳನಕ್ಕೆ ಬರುತ್ತಾರೆ. ಅವರ ಕೈಯಲ್ಲಿ ಕಳಿಸುತ್ತಿದ್ದೇವೆ. ಇಸಿದುಕೋ, ಮೌಶಿ. ಅಜ್ಜಿಗೆ ನೀನು ಗೆಲ್ಲುವುದಕ್ಕಿಂತ ಇದು ದೊಡ್ಡದು.

ನಿನ್ನ,
ತನ್ಮಯಿ


ಹೇಸ್
೨೬ ಅಕ್ಟೋಬರ್, ಭಾನುವಾರ

ಪ್ರೀತಿಯ ಮೌಶಿಗೆ,

ಈ ಕಾಗದ ತಲುಪುವ ಹೊತ್ತಿಗೆ ಮತದಾನ ಮುಗಿದಿರಬಹುದು. ಮುಗಿದ ಮೇಲೆ ನೀನು ಓದಬೇಕೆಂದೇ ಫೋನ್ ಮಾಡದೆ ಬರೆಯುತ್ತಿದ್ದೇನೆ. ನಿನ್ನ ತಲೆಯಲ್ಲಿ ಈಗ ಊರಿನ ನೀರೇ ಇರಲಿ, ನಮ್ಮ ಮನೆಯ ಕಣ್ಣೀರು ಬೇಡ.

ಉಡಿ ವಾಪಸ್ ಬಂತು.

ವಸಿಷ್ಠ ಅಂಕಲ್ ಹಿಂತಿರುಗಿದ ಮರುದಿನವೇ ಚೀಲ ಹಿಡಿದು ಕಿಂಗ್ಸ್‌ಬರಿಗೆ ಬಂದರು, ನಾನೂ ಅಲ್ಲಿದ್ದೆ. ಪುಣ್ಯಕ್ಕೆ ಅಜ್ಜಿ ಮೇಲೆ ಮಲಗಿದ್ದಳು. "ನಂದೇನೂ ತಪ್ಪಿಲ್ಲ ಕಣಮ್ಮಾ," ಎಂದು ಶುರುಮಾಡಿದರು. ಹೇಳಿದ್ದಿಷ್ಟು: ನೀನು ಮನೆ ಮನೆಗೆ ಪ್ರಚಾರಕ್ಕೆ ಹೋಗಿದ್ದೆಯಂತೆ, ಅವರು ಚೀಲವನ್ನು ಪ್ರಚಾರದ ಕಚೇರಿಯಲ್ಲೇ ಕೊಟ್ಟರಂತೆ. ಕಚೇರಿಗೆ ಬಂದದ್ದನ್ನೆಲ್ಲ ಇಬ್ಬರ ಎದುರು ಬಿಚ್ಚಬೇಕೆಂಬ ನಿಯಮ. ಬಿಚ್ಚಿದರು. ಲೆಕ್ಕ ನೋಡುವವನು ಬಂದು, ಇದು ಬಂಗಾರವೇ, ಕೊಟ್ಟವರು ಯಾರು, ಯಾವ ದೇಶದ ಪ್ರಜೆ ಎಂದು ಕೇಳಿದ. "ನಾನು ಎಲ್ಲಾನೂ ಹೇಳ್ದೆ. ಇಪ್ಪತ್ತೆರಡು ಕ್ಯಾರೆಟ್ ಅಂತಾನೂ ಹೇಳ್ಬಿಟ್ಟೆ! ಅವ್ನ ಮುಖ ನೋಡ್ಬೇಕಿತ್ತು ನೀವು." ಮರುದಿನ ಬೆಳಿಗ್ಗೆ ಅವರ ಹೋಟೆಲಿಗೆ ಎಲ್ಲವೂ ಹಿಂತಿರುಗಿತ್ತು. ಅಕ್ಕಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಬಳೆಗಳು ಕಾಗದದಲ್ಲಿ, ಅರಿಷಿಣ ಕೊಂಬು ಸಮೇತ. ಜೊತೆಗೆ ಒಂದು ಅಚ್ಚು ಹಾಕಿದ ಕಾಗದ: ನಿಮ್ಮ ಉದಾರತೆಗೆ ಧನ್ಯವಾದ, ಆದರೆ ವಿದೇಶದ ಕೊಡುಗೆಯನ್ನು ಅಭ್ಯರ್ಥಿ ಸ್ವೀಕರಿಸುವಂತಿಲ್ಲ.

ನೋಡು ಮೌಶಿ, ಆ ಕಾನೂನು ನನಗೆ ಬಾಯಿಪಾಠ. ಹೊರದೇಶದವರು ಏನೂ ಕೊಡುವಂತಿಲ್ಲ ಎಂದು ನಾನೇ ಫೋನಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೆ! ಆದರೂ ದಸರೆಯ ದಿನ ಮೇಜಿನ ಸುತ್ತ ಕೂತ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ಉಡಿಯನ್ನು ಯಾರಾದರೂ ದೇಣಿಗೆ ಎನ್ನುತ್ತಾರೆಯೇ? ಅಭ್ಯರ್ಥಿಗೆ ಬಂಗಾರ ಕಳಿಸುತ್ತಿದ್ದೇವೆ ಎಂದು ನಮಗೆ ಗೊತ್ತೇ ಇರಲಿಲ್ಲ. ಮಗಳಿಗೆ ಕಳಿಸುತ್ತಿದ್ದೆವು.

ಇಲ್ಲಿಯ ಕೌನ್ಸಿಲ್ ಚುನಾವಣೆಗೆ ನಾನು ಬರೆದ ಕರಪತ್ರದ ಮೊದಲ ಸಾಲು ನಿನಗೆ ಕಳಿಸಿದ್ದೆ: "ಅಧಿಕಾರ ಕೇಳುವವರಿಗೆ ಯಾರ ಉಡುಗೊರೆಯೂ ಸಣ್ಣದಲ್ಲ." ನೀನು ಮೆಚ್ಚಿ, ಇದನ್ನು ಕದಿಯುತ್ತೇನೆ ಎಂದು ಬರೆದಿದ್ದೆ. ಆ ಸಾಲು ಈಗಲೂ ನಿಜ. ಅದಕ್ಕೇ ನನಗೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗುತ್ತಿಲ್ಲ, ಆದರೆ ಹೊಟ್ಟೆಯಲ್ಲಿ ಸಿಟ್ಟು ಇದ್ದೇ ಇದೆ. ಅಶ್ಲಿನ್‌ಗೆ ಹೇಳಿದೆ. "ಎಂತ ಮಾರಾಯ್ತಿ, ಅಜ್ಜಿ ಕೊಟ್ಟದ್ದನ್ನು ವಾಪಸ್ ಕೊಡುವುದಾ? ಮುಟ್ಟಿ ಕಣ್ಣಿಗೆ ಒತ್ತಿಯಾದ್ರೂ ಕೊಡ್ಬಹುದಿತ್ತಲ್ಲ!" ಎಂದಳು. ನಿನಗೆ ಆ ಚೀಲವನ್ನು ನೋಡಲೂ ಸಿಗಲಿಲ್ಲ ಎಂದು ನಿನ್ನ ಪರ ವಾದಿಸಿದೆ.

ತುಂಬಿದ ಉಡಿ ಹಿಂತಿರುಗುವುದೆಂದರೆ ಅಜ್ಜಿಯ ಮಟ್ಟಿಗೆ ಏನು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅಮ್ಮ ಚೀಲವನ್ನು ಬಾಯ್ಲರಿನ ಪಕ್ಕದ ಕಪಾಟಿನಲ್ಲಿ ಟವೆಲುಗಳ ಹಿಂದೆ ಇಟ್ಟಿದ್ದಾಳೆ. ಅಜ್ಜಿ ಮಾತ್ರ ದಿನವೂ ಕೇಳುತ್ತಾಳೆ. "ಖಣ ನೋಡಿ ಏನಂದ್ಲು ಇಂದೂ?" ಅಮ್ಮ, "ಬಣ್ಣ ಭಾಳ ಛಂದ ಅದ ಅಂದ್ಲು" ಎನ್ನುತ್ತಾಳೆ. "ಪಾಟ್ಲಿ ಕೈಗೆ ಹತ್ತಿತಂತೇನ?" ನಾನು ಫೋನಿನಲ್ಲಿ, "ಹತ್ತಿತಂತ ಅಜ್ಜಿ, ಅಳತಿ ತಗೊಂಡ ಹಂಗ" ಎನ್ನುತ್ತೇನೆ. ಹೊಲಸು ಕೊಳವೆ ಮುಚ್ಚಿಡುವ ಅಧಿಕಾರಿಗಳಿಗೆ ಸುಳ್ಳರು ಎಂದು ಬೈಯುವವಳು ನಾನು, ಮೌಶಿ. ಈಗ ನನಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡು. ನಿನ್ನೆ ಹೋದಾಗ ಇನ್ನೊಂದು ಸೇರಿಸಿದೆ: ನೀನು ಆ ಅಕ್ಕಿಯ ಪಾಯಸ ಮಾಡಿ ಕಚೇರಿಯ ಹುಡುಗರಿಗೆಲ್ಲ ಹಂಚಿದೆಯಂತೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿದಳು.

ಗೆದ್ದರೂ ಸೋತರೂ ಒಂದು ಫೋನ್ ಮಾಡಿ "ಅವ್ವಾ, ಉಡಿ ಮುಟ್ಟಿತು" ಅಂದುಬಿಡು. ತತ್ವ ಒಂದು ದಿನ ರಜೆ ತೆಗೆದುಕೊಳ್ಳಲಿ.

ಗೆದ್ದು ಬಾ.

ತನ್ಮಯಿ


ಕಿಂಗ್ಸ್‌ಬರಿ
೯ ನವೆಂಬರ್, ಭಾನುವಾರ

ಪ್ರೀತಿಯ ಮೌಶಿ,

ಐದು ದಿನದಿಂದ ಬರೆಯಲು ಕೂತು ಎದ್ದಿದ್ದೇನೆ. ಕ್ಷಮಿಸು. ನೀನು ಸೋತೆ ಎಂದು ಬರೆಯಲು ಕೈ ಬರಲಿಲ್ಲ.

ಬುಧವಾರ ಬೆಳಿಗ್ಗೆ ನಾವೆಲ್ಲ ಅಮ್ಮನ ಅಡುಗೆಮನೆಯಲ್ಲಿದ್ದೆವು. ಅಮ್ಮ ರಜೆ ಹಾಕಿದ್ದಳು. ನಾನು ಹೇಸ್‌ನಿಂದ ಮೊದಲ ರೈಲಿಗೇ ಬಂದಿದ್ದೆ. ಫೋನಿನ ಪರದೆಯಲ್ಲಿ ನಿನ್ನ ಹೆಸರಿನ ಪಟ್ಟಿ ಪಕ್ಕದ ಪಟ್ಟಿಗಿಂತ ಗಿಡ್ಡವಾಗಿಯೇ ಉಳಿಯಿತು. ನಾನು ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಇದು ಮೋಸ, ದುಡ್ಡಿರುವವರ ಊರು ಅದು, ಅವರೆಲ್ಲ ಅದೇ ಸೀಸದ ನೀರು ಕುಡಿಯಲಿ ಎಂದೆಲ್ಲ ಕೂಗಾಡಿದೆ. ಆಗ ಮಾತು ಬಿಟ್ಟಿದ್ದ ಅಪ್ಪ ನನ್ನ ಪಕ್ಕ ಬಂದು ನಿಂತ. ಮೂರು ತಿಂಗಳಲ್ಲಿ ನನ್ನೊಂದಿಗೆ ಆಡಿದ ಮೊದಲ ಮಾತು: "ಹಂಗನಬಾರದವ್ವಾ. ಕುಡಿಯವ್ರು ಸಣ್ಣ ಹುಡುಗ್ರು ಇರ್ತಾರ. ಈಗ ಆ ಪೈಪು ಯಾರು ಬದಲಿ ಮಾಡಸ್ತಾರ?" ಅವನು ನಿನ್ನ ಕರಪತ್ರ ಓದಿದ್ದಾನೆ, ಮೌಶಿ. ಕದ್ದು ಓದಿದ್ದಾನೆ.

ಅಜ್ಜಿ ಎದ್ದಳು. ಗೋಡೆ ಹಿಡಿದುಕೊಂಡು ಹೊರಗೆ ಹೋದಳು. ಬಾತ್‌ರೂಮಿಗೆ ಹೋಗಿರಬೇಕು ಎಂದುಕೊಂಡೆವು. ತಿರುಗಿ ಬಂದಾಗ ಅವಳ ಕೈಯಲ್ಲಿ ಆ ಚೀಲವಿತ್ತು. ಮೇಜಿನ ಮೇಲೆ ನನ್ನ ಫೋನಿನ ಪಕ್ಕ ಇಟ್ಟಳು.

"ಈಗ ಅಕಿ ಉಮೇದವಾರಳಲ್ಲ, ಹೌದಿಲ್ಲೋ?" ಎಂದಳು. "ಅಂದ್ರ ಆ ಕಾನೂನು ಮುಗೀತು."

ಅಮ್ಮ ಚಮಚ ಕೆಳಗಿಟ್ಟಳು. "ಅವ್ವಾ, ನಿನಗ ಯಾವಾಗಿಂದ ಗೊತ್ತದ?"

"ದೀಪಾವಳಿ ಮರುದಿನಾ. ಟವೆಲ್ ತಗೋಳಿಕ್ಕೆ ಹೋಗಿದ್ದೆ. ಆ ಕಾಗದಾನೂ ಓದಿದೆ. ನನಗ ಇಂಗ್ಲಿಷ್ ಬರೂದಿಲ್ಲಂತ ತಿಳದೀರೇನು?"

"ಮತ್ತ ದಿನಾ ಕೇಳ್ತಿದ್ದೆಲ್ಲಾ, ಖಣಾ ನೋಡಿ ಏನಂದ್ಲು, ಪಾಟ್ಲಿ ಹತ್ತಿತೇನು ಅಂತ?"

ಅಜ್ಜಿ ಕುರ್ಚಿಗೆ ಒರಗಿ ಕೂತಳು. "ನೀವು ಅಷ್ಟ ಛಂದ ಹೇಳ್ತಿದ್ರಿ. ಕೇಳಿಕ್ಕೆ ಹಿತ ಅನಸ್ತಿತ್ತು. ಇನ್ನೊಂದು ಸಲ ಕೇಳೂಣು, ಇನ್ನೊಂದು ಸಲ ಕೇಳೂಣು ಅನಸ್ತಿತ್ತು. ಆ ಪಾಯಸದ್ದಂತೂ ತನ್ಮಯಿ, ನನಗ ವಾಸನಿನ ಬಂತು."

ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು. ಅಪ್ಪನೇ ಮೊದಲು.

ನಾನು ಅವಳಿಗೆ ಕಾನೂನು ವಿವರಿಸಲು ಹೋದೆ. ಇದರಲ್ಲಿ ಮೌಶಿಯ ತಪ್ಪಿಲ್ಲ, ಅವಳಿಗೆ ಗೊತ್ತೇ ಇಲ್ಲ, ಕಚೇರಿಯವರು ಮಾಡಿದ್ದು ಎಂದೆ. ಅಜ್ಜಿ ತಲೆಯಾಡಿಸುತ್ತಾ ಕೇಳಿದಳು. "ತಪ್ಪು ಯಾರದಂತ ನಾ ಕೇಳಿಲ್ಲ. ಶಮಂತನ ಮದುವ್ಯಾಗ ನಾ ಶಾಸ್ತ್ರ ಅಂದೆ. ಈಗ ಅಕಿ ಕಾನೂನು ಅಂದ್ಲು. ಇಬ್ರೂ ಬರೋಬ್ಬರಿ ಇದ್ವಿ. ಬರೋಬ್ಬರಿ ಇದ್ದೇ ಹದಿಮೂರು ವರ್ಷ ಕಳದ್ವಿ."

"ಅಕಿ ಅಲ್ಲ ಅಜ್ಜಿ, ಕಚೇರಿಯವರು."

"ಹೂಂ. ಕಚೇರಿಯವರು."

ನಾನು ಈ ವಾರ ಕಿಂಗ್ಸ್‌ಬರಿಯಲ್ಲೇ ಇದ್ದೇನೆ. ಕಾನೂನಿಗೆ ವಾಪಸ್ ಹೋಗುತ್ತೇನೋ ಇಲ್ಲವೋ ತಿಳಿಯದು. ಅಪ್ಪ ಕೇಳಿಲ್ಲ, ನಾನು ಹೇಳಿಲ್ಲ, ಆದರೆ ಸ್ಟೇಷನ್ ಮುಂದೆ ನಿಲ್ಲಲು ಅವನ ದಪ್ಪ ಕೋಟು ಕೊಟ್ಟಿದ್ದಾನೆ. ನೀನು ಎಷ್ಟು ವೋಟಿನಿಂದ ಸೋತೆ ಎಂದು ಇಲ್ಲಿ ಯಾರೂ ಮಾತಾಡುವುದಿಲ್ಲ. ಆ ಮುದುಕನಿಗೆ ಮತ್ತೆ ಫೋನ್ ಮಾಡಬೇಕೆನ್ನಿಸುತ್ತದೆ. ನಿಮ್ಮ ನಲ್ಲಿಯ ಚಿಂತೆ ನನಗೆ ಇನ್ನೂ ಇದೆ ಎಂದು ಹೇಳಬೇಕು. ನೀನು ಮುಂದಿನ ಸಲ ನಿಲ್ಲಬೇಕು, ಮೌಶಿ. ನಿಲ್ಲದಿದ್ದರೂ ಬರೆಯಬೇಕು. ನಿನ್ನ ಕರಪತ್ರ ಓದಿ ಬೆಳೆದ ಇನ್ನೊಬ್ಬಳು ಆ ಊರಿನಲ್ಲಿ ಖಂಡಿತ ಇರುತ್ತಾಳೆ.

ಇನ್ನು ಅಜ್ಜಿ ಹೇಳಿ ಬರೆಸಿದ್ದು. ಒಂದಕ್ಷರ ಬದಲಿಸಿಲ್ಲ: "ಇಂದೂ, ಸೋತದ್ದಕ್ಕ ಅಳಬ್ಯಾಡ. ಹೊತ್ತಿಗೆ ಸರಿಯಾಗಿ ಉಣ್ಣು. ಥಂಡ್ಯಾಗ ತಲೀಗೆ ಕಟಗೋ. ನಿಂದು ಒಳ್ಳೇದಾಗ್ತದ. ದೇವರು ಮಾಡ್ತಾನ, ಅವಾ ಮರತ್ರ ನಾವು ಮಾಡೂಣು."

ನಿನ್ನನ್ನು ಮೊದಲಿಗಿಂತ ಹೆಚ್ಚು ಹೆಮ್ಮೆಯಿಂದ ಮೌಶಿ ಎನ್ನುವ,
ತನ್ಮಯಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಬುಧವಾರ ಎಲ್ಲರೂ ಎದ್ದ ಮೇಲೆ ನಾನು ಚೀಲದಿಂದ ಖಣ ತೆಗೆದು ಬಿಚ್ಚಲು ಹೋದೆ. ಅಜ್ಜಿ ನನ್ನ ಕೈ ಹಿಡಿದಳು. ತ್ರಿಕೋನದ ಮಡಿಕೆ ಅಚ್ಚುಕಟ್ಟಾಗಿತ್ತು, ಅವಳೇ ಮಡಚಿದ ಹಾಗೆ. ಆದರೆ ತುದಿ ಎಡಕ್ಕೆ ಸಿಕ್ಕಿಸಿತ್ತು. ನೀನು ಆ ದಿನ ಕಚೇರಿಯಲ್ಲೇ ಇದ್ದೆ, ಮೌಶಿ. ಬಿಚ್ಚಿ ನೋಡಿದೆ. ಬಳೆಗಳನ್ನು ಒಡೆಯದ ಹಾಗೆ ಕಾಗದದಲ್ಲಿ ಸುತ್ತಿದವಳೂ ನೀನೇ ಇರಬೇಕು. ಆಮೇಲೆ ನೀನೇ ಕಳಿಸಿಬಿಟ್ಟೆ. ವಸಿಷ್ಠ ಅಂಕಲ್‌ರನ್ನು ನಾನು ಏನೂ ಕೇಳಿಲ್ಲ, ಕೇಳುವುದೂ ಇಲ್ಲ. ಅದು ಕಾನೂನಿಗಾಗಿಯೋ, ಶಮಂತನ ಮದುವೆಗಾಗಿಯೋ ಎಂದು ನಿನ್ನನ್ನೂ ಕೇಳುವುದಿಲ್ಲ. ಅಜ್ಜಿಗೆ ದೀಪಾವಳಿಯಿಂದಲೇ ಗೊತ್ತು. ಅವಳು ಅಂದದ್ದು ಇಷ್ಟೇ: "ಬಿಚ್ಚಬ್ಯಾಡ. ಅದು ಇಂದೂನ ಕೈ ಮಡಿಕಿ." ಈಗ ಅದು ಅವಳ ದಿಂಬಿನ ಪಕ್ಕದಲ್ಲಿದೆ. ಬಾ ಮೌಶಿ. ನೀನೇ ಬಂದು ಬಿಚ್ಚು.